ಅತ್ತೆಯ ಸಕ್ಕರೆ, ಚಾಡಿಕೋರ ಮಿಷನ್

"ಪೊಟ್ಟಣದ ಕಾಗದ ಓದಿ ಅಕ್ಷರ ಕಲಿತವಳು ನೀನು. ಈ ಮಿಷನ್ ನಿನ್ನ ಕೈಲಿ ಆಗಲ್ಲ" ಎಂದವರು ನನ್ನ ಅತ್ತೆ. ತೊಂಬತ್ತೈದನೇ ಇಸವಿಯಲ್ಲಿ, ರಕ್ತದ ಸಕ್ಕರೆ ಅಳೆಯುವ ಯಂತ್ರ ದೇವನಹಳ್ಳಿ ಪಕ್ಕದ ವಿಜಯಪುರದ ನಮ್ಮ ಬೀದಿಯಲ್ಲಿ ಮೊದಲು ಬಂದದ್ದು ನಮ್ಮ ಮನೆಗೆ. ಅತ್ತೆಯ ಕಾಲ್ಬೆರಳಿನ ಗಾಯ ಎಷ್ಟು ದಿನವಾದರೂ ಮಾಯಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ದೇವನಹಳ್ಳಿಯ ಡಾಕ್ಟರು ಹೇಳಿದ್ದರು. ಮಿಷನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನದು. ಎರಡು ದಿನ ಕೂತು ಚಿತ್ರ ನೋಡಿಯೇ ಕಲಿತೆ. ಅಂಗೈಯಷ್ಟಿಲ್ಲದ ವಸ್ತು ಒಂದು ಹನಿ ರಕ್ತ ಕುಡಿದು ನಿಮಿಷದೊಳಗೆ ಅಂಕಿ ಹೇಳುವುದು ನನಗೆ ಇವತ್ತಿಗೂ ಬೆರಗು. ಅದು ಬಂದ ಮೇಲೆ ಮನೆಯಲ್ಲಿ ನಗೆಗೆ ಬರವಿಲ್ಲ.

ಮೊದಲ ಹನಿ

ಮೊದಲು ನಿನಗೆ ಚುಚ್ಚಿಕೋ, ಆಮೇಲೆ ನನ್ನ ಹತ್ತಿರ ಬಾ ಎಂದರು ಅತ್ತೆ. ಹದಿನೈದು ವರ್ಷ ಬಿಸಿನೀರಿಗೆ ಕೈ ಹಾಕಿ ಗೂಡಿನಿಂದ ರೇಷ್ಮೆ ತೆಗೆದ ಬೆರಳು ನನ್ನದು, ತುದಿ ಚಪ್ಪಲಿಯ ಅಟ್ಟೆಯ ಹಾಗಾಗಿತ್ತು. ಐದೂ ಬೆರಳಿಗೆ ಚುಚ್ಚಿದರೂ ಹನಿ ಬರಲಿಲ್ಲ. ಅತ್ತೆ ಬಗ್ಗಿ ನೋಡಿದರು.

"ರಕ್ತಾನೇ ಇಲ್ವಲ್ಲೇ ನಿನ್ನ ಮೈಲಿ. ಅದಕ್ಕೇ ಎಷ್ಟು ಬೈದ್ರೂ ಮುಖ ಕೆಂಪಾಗಲ್ಲ."

ಹೂರಣ

ಹಬ್ಬದ ಬೆಳಗ್ಗೆ ಅಂಕಿ ನಾನೂರು ದಾಟಿತು. ಡಾಕ್ಟರ ಹತ್ತಿರ ಕರೆದೊಯ್ಯಲು, ಬಸ್ಸಿಗೆ ಓಡೋಣವೆಂದು ಸೆರಗು ಸಿಕ್ಕಿಸಿದೆ. ಅಷ್ಟರಲ್ಲಿ ಅತ್ತೆಯ ಬೆರಳಿನಿಂದ ಏಲಕ್ಕಿ ಘಮ ಬಂತು. ಒಬ್ಬಟ್ಟಿನ ಹೂರಣದ ಉಂಡೆ ಕಟ್ಟಿ, ಕೈ ಒರೆಸಿಕೊಂಡು ಬಂದು ಕೂತಿದ್ದರು. ಸೋಪು ಹಾಕಿ ತೊಳೆಸಿ ಮತ್ತೆ ನೋಡಿದರೆ ಅರ್ಧಕ್ಕರ್ಧ ಇಳಿದಿತ್ತು.

"ತಿಂದಿಲ್ಲ ಕಣೆ, ಮುಟ್ಟಿದ್ದಷ್ಟೇ. ಅಷ್ಟಕ್ಕೇ ಹೇಳ್ಬಿಡ್ತಲ್ಲ, ಚಾಡಿಕೋರ!"

ಯಾರ ರಕ್ತ

ಗೂಡಿನ ಮಾರುಕಟ್ಟೆಗೆ ನಾನು ಬೇಗ ಹೋಗಬೇಕಾದ್ದರಿಂದ ಅತ್ತೆಗೇ ಮಿಷನ್ ನಡೆಸಲು ಕಲಿಸಿದೆ. ಎರಡು ವಾರ ಬಿಟ್ಟು ಡಾಕ್ಟರ ಬಳಿ ಹೋದೆವು. ಅವರು ಮಿಷನ್ನಿನ ಗುಂಡಿ ಒತ್ತಿದರೆ ಹಿಂದಿನ ಅಂಕಿಗಳೆಲ್ಲ ಒಂದೊಂದಾಗಿ ಬಂದವು. ಎಲ್ಲ ನೂರರ ಆಸುಪಾಸು. ಗಾಯ ಮಾತ್ರ ಇದ್ದ ಹಾಗೇ ಇತ್ತು. ಡಾಕ್ಟರು ಅತ್ತೆಯ ಕೈ ಹಿಡಿದು ಹತ್ತೂ ಬೆರಳು ತಿರುಗಿಸಿ ನೋಡಿದರು. ಒಂದರಲ್ಲೂ ಚುಚ್ಚಿದ ಗುರುತಿಲ್ಲ.

"ಇದು ಯಾರ ರಕ್ತ ಅಜ್ಜಿ?"

ಅತ್ತೆ ಫ್ಯಾನ್ ನೋಡಿದರು. "ಪಕ್ಕದ ಮನೆಯವಳದು. ದಿನಾ ಒಂದು ಲೋಟ ಕಾಫಿ ಕೊಟ್ಟು ಅವಳ ಬೆರಳಿಗೆ ಚುಚ್ತಿದ್ದೆ. ಮಿಷನ್ನಲ್ಲಿ ಕಮ್ಮಿ ಬಂದ್ರೆ ಬೆರಳು ಉಳಿಯುತ್ತೆ ಅಂದಿದ್ದು ನೀವೇ ಅಲ್ವಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಪಕ್ಕದ ಮನೆಯವರ ಕಾಲಿಗೆ ಏನೂ ಭಯವಿಲ್ಲ ಅಂತ ತಿಳಿಸಿಬಿಡಿ."

ನಾನೂ ನಕ್ಕೆ. ಆದರೆ ಅಷ್ಟು ಗಟ್ಟಿ ಹೆಂಗಸಿಗೆ ಒಳಗೆ ಎಷ್ಟು ಹೆದರಿಕೆಯಿತ್ತು ಎಂದು ನನಗೆ ತಿಳಿದದ್ದು ಆಗಲೇ. ಮರುದಿನದಿಂದ ನಾನೇ ಚುಚ್ಚಿ, ಅಂಕಿ ಬರೆದಿಟ್ಟು, ತಡವಾಗಿ ಮಾರುಕಟ್ಟೆಗೆ ಹೋದೆ. ಆ ಅಂಕಿ ನೋಡಿ ಡಾಕ್ಟರು ಇನ್ಸುಲಿನ್ ಪ್ರಮಾಣ ಹೊಂದಿಸಿದರು. ಗಾಯ ಮಾಯಿತು.

ಈಗ ನನ್ನ ಸ್ವತ್ತು: ಅಂಚು ಸವೆದ ಒಂದು ಮಿಷನ್, ಕಾಲ್ಬೆರಳು ಹತ್ತೂ ಇರುವ ಒಬ್ಬ ಅತ್ತೆ. ಕೊಟ್ಟ ಬೆಲೆ: ಮಿಷನ್ ಕೊಳ್ಳಲು ಮಾರಿದ ನನ್ನ ಒಂದು ಜೊತೆ ಚಿನ್ನದ ಬಳೆ, ಮತ್ತೆ ಸಕ್ಕರೆಯಿಲ್ಲದ ಕಾಫಿ ಕೊಟ್ಟಿದ್ದಕ್ಕೆ ದಿನಾ ಬೆಳಗ್ಗೆ ಸಿಗುವ ಬೈಗುಳ.