ನೀರು ಕೊಡುವ ಬಟನ್

ಒಬ್ಬರೇ ಇರುವ ಮನೆಯಲ್ಲಿ ಡಬ್ಬಿಗಳು ಬೇಗ ಖಾಲಿಯಾಗುವುದಿಲ್ಲ. ಕಾಲು ಕಿಲೋ ರವೆ ತಂದಿಟ್ಟರೆ ಅದರಲ್ಲಿ ಹುಳುಗಳ ಎರಡು ತಲೆಮಾರು ಸುಖವಾಗಿ ಬಾಳಿ ಹೋಗುತ್ತವೆ. ಗುಡಗೇರಿಯ ಹತ್ತಿರದ ಈ ಊರಿಗೆ ಒಂದನೇ ತರಗತಿಯ ಶಿಕ್ಷಕಿಯಾಗಿ ವರ್ಗವಾಗಿ ಬಂದು ಒಂಬತ್ತು ವರ್ಷವಾಯಿತು. ಅಂದಿನಿಂದ ನನ್ನ ಮನೆಯಲ್ಲಿ ಲಗುಬಗೆಯಿಂದ ಖಾಲಿಯಾಗುತ್ತಿದ್ದದ್ದು ಶೇಂಗಾ ಉಂಡಿಯ ಡಬ್ಬಿಯೊಂದೇ. ಈಚೆಗೆ ಅದಕ್ಕೆ ಕಾರಣ ಎದುರುಮನೆಯ ಆರು ವರ್ಷದ ರೇಣವ್ವ. ಕಳೆ ತೆಗೆಯಲು ಹೊಲಕ್ಕೆ ಹೋದ ಅವಳ ಅವ್ವ ಮರಳುವವರೆಗೆ ಹುಡುಗಿ ನನ್ನ ಹೊಸ್ತಿಲ ಮೇಲೆ ಕೂತು, ಉಂಡಿ ತಿನ್ನುತ್ತ, ಯಾರ ಎಮ್ಮೆ ಕರು ಹಾಕಿತು, ಯಾರ ಹಲ್ಲು ಬಿತ್ತು ಎಂದು ಊರ ಸುದ್ದಿ ಒಪ್ಪಿಸುತ್ತಿದ್ದಳು. ದಿನಕ್ಕೆ ಒಂದು ತಾಸು. ಶಾಲೆ ಬಿಟ್ಟರೆ ಉಳಿದ ತಾಸುಗಳಲ್ಲಿ ನಾನು ಮಾತಾಡುವುದು ಕುಕ್ಕರಿನ ಜೊತೆ. ಅದಾದರೂ ಮೂರು ಸಲ ಉತ್ತರ ಕೊಡುತ್ತದೆ.

ಈ ಒಂದು ತಾಸಿಗೂ ನಾನೇ ಕಲ್ಲು ಹಾಕಿಕೊಂಡೆ. ತರಬೇತಿಯೊಂದರಲ್ಲಿ, ಚಿಕ್ಕ ಮಕ್ಕಳಿಗೆ ಆಟವಾಡಿಸುತ್ತ ಸುರಕ್ಷತೆ ಕಲಿಸುವ ವೆಬ್‌ಸೈಟ್ ಯಾರು ಮಾಡುತ್ತೀರಿ ಎಂದು ಕೇಳಿದರು. ನಾನು ಕೈ ಎತ್ತಿದ್ದು ಫ್ಯಾನ್ ಜೋರು ಮಾಡಿಸಲಿಕ್ಕೆ. ಎಲ್ಲರೂ ಚಪ್ಪಾಳೆ ತಟ್ಟಿಬಿಟ್ಟರು. ಚಪ್ಪಾಳೆ ಬಿದ್ದ ಮೇಲೆ ಕೈ ಇಳಿಸುವುದು ಹೇಗೆ? ಎರಡು ತಿಂಗಳು ಲ್ಯಾಪ್‌ಟಾಪಿನ ಮುಂದೆ ಕೂತು ಕಲಿತೆ. ಮೊದಲ ಆಟಕ್ಕೆ ಒಲೆ ಬರೆದರೆ ತುಳಸಿಕಟ್ಟೆಯಂತಾಯಿತು. ಎರಡನೆಯದಕ್ಕೆ ಕೃಷಿಹೊಂಡ ಬರೆದು ತೋರಿಸಿದರೆ ಮಕ್ಕಳು, "ಅಕ್ಕೋರ, ದ್ವಾಸಿ!" ಎಂದು ಕೂಗಿದರು.

ಮೂರನೆಯ ಆಟ ಬಾಗಿಲಿನದು. ಅವ್ವ ಮನೆಯಲ್ಲಿಲ್ಲ, ಮೀಸೆಯವನೊಬ್ಬ ಬಂದು ಕದ ಬಡಿಯುತ್ತಾನೆ. ತೆಗೆಯಬೇಕೋ ಬೇಡವೋ? ತಪ್ಪು ಬಟನ್ ಒತ್ತಿದರೆ ಕೆಂಪು ದೀಪ, ಸರಿ ಒತ್ತಿದರೆ ಹಸಿರು. ತರಗತಿಯಲ್ಲಿ ಆಡಿಸಿದೆ. ಒಬ್ಬರೂ ಬಿಡದಂತೆ ಎಲ್ಲರೂ ಕದ ತೆಗೆದರು. ಈ ಊರಲ್ಲಿ ಬೆಳಗ್ಗೆ ತೆರೆದ ಕದವನ್ನು ಮಲಗುವಾಗಲೇ ಹಾಕುವುದು. ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ; ನೀವು ಯಾರು ಎಂದು ಕೇಳುವುದು ಆಮೇಲೆ.

"ಯಾಕ ತೆಗದ್ರಿ ಎಲ್ಲಾರೂ?" ಎಂದೆ.

"ಪಾಪ, ಬಿಸಲಾಗ ನಿಂತಾನ್ರಿ," ಎಂದಳು ರೇಣವ್ವ. "ಅಕ್ಕೋರ, ನೀರು ಕೊಡೂ ಬಟನ್ ಎಲ್ಲೈತ್ರಿ?"

ಮೀಸೆ ದಪ್ಪ ಮಾಡಿ, ಕಪ್ಪು ಕನ್ನಡಕ ಹಾಕಿದೆ. "ನಮ್ಮ ಮಾಮಾನಂಗ ಅದಾನ!" ಎಂದು ಇನ್ನಷ್ಟು ಹಿಗ್ಗಿನಿಂದ ತೆಗೆದರು. ಆಗ ಹೊಳೆಯಿತು, ಹೆದರಿಸುವವನಿಗಿಂತ ಸವಿಮಾತಿನವನೇ ಅಪಾಯ. ಸವಿಮಾತಿಗೆ ದನಿ ಬೇಕಲ್ಲ? ಮನೆಯಲ್ಲಿದ್ದ ಒಂದೇ ದನಿ ನನ್ನದು. ಫೋನು ಹಿಡಿದು, ಬಾಯಿಗೆ ರೂಢಿಯಾಗಿದ್ದ ಮಾತನ್ನೇ ಹೇಳಿ ಮೀಸೆಯವನ ಬಾಯಿಗೆ ಹಾಕಿದೆ: "ಬಾರವ್ವಾ, ಉಂಡಿ ಕೊಡತೀನಿ." ಕೆಳಗೆ ನಿಯಮವನ್ನೂ ಬರೆದೆ: ಗುರುತಿನವರೇ ಕರೆದರೂ, ಪ್ರತಿ ಸಲ ಅವ್ವನನ್ನು ಕೇಳಿಯೇ ಹೋಗಬೇಕು. ಒಂದು ವಾರ ಆಡಿಸಿದ ಮೇಲೆ ಎಲ್ಲರಿಗೂ ಹಸಿರು ದೀಪ. ಆ ಖುಷಿಗೆ ಡಬ್ಬಿ ತುಂಬ ಉಂಡಿ ಕಟ್ಟಿದೆ.

ಸಂಜೆ ರೇಣವ್ವ ಬಂದದ್ದು ಕಂಡು, "ಬಾರವ್ವಾ, ಉಂಡಿ ಕೊಡತೀನಿ," ಎಂದೆ. ಹುಡುಗಿ ನಡುಬೀದಿಯಲ್ಲೇ ಗಕ್ಕನೆ ನಿಂತಳು.

"ಒಲ್ಲೆರಿ ಅಕ್ಕೋರ. ಆ ಮೀಸಿಯವನೂ ಹಿಂಗ ಕರೀತಾನ. ಬಂದ್ರ ಕೆಂಪ ದೀಪ ಹತ್ತತೈತಿ."

ಮನೆಯೊಳಗೆ ಹೋಗಿ ಕದ ಹಾಕಿಕೊಂಡಳು. ಅಗಳಿ ಬಿದ್ದ ಸದ್ದು ನನ್ನ ಅಡುಗೆಮನೆಯವರೆಗೆ ಕೇಳಿತು.

ಮರುದಿನ ಬೆಳಗ್ಗೆ ಅವಳ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೀವು ಕಲಿಸಿದ್ದು ನಿಮಗ ಬಡೀತಲ್ರೀ ಅಕ್ಕೋರ! 'ದಿನಾ ಹೋಗವ್ವಾ' ಅಂದ್ರ, 'ದಿನಾ ನಿನ್ನ ಕೇಳೇ ಹೋಗಬೇಕು' ಅಂತಾಳ. ನಾ ಮನಿ ಮುಟ್ಟೂದ ಹೊತ್ತು ಮುಳುಗಿದ ಮ್ಯಾಲೆ."

ಹತ್ತು ಸಂಜೆ ಹೀಗೇ ಹೋದವು. ಯಾರ ಹಲ್ಲು ಬಿತ್ತೋ ತಿಳಿಯಲಿಲ್ಲ. ಒಂದು ದಿನ ಲ್ಯಾಪ್‌ಟಾಪ್ ತೆರೆದು, ಮೂರನೆಯ ಆಟವನ್ನೇ ಅಳಿಸಿಬಿಡೋಣ ಎಂದು ಬೆರಳು ಇಟ್ಟೆ. ಯಾರೂ ಕೇಳುತ್ತಿರಲಿಲ್ಲ. ಆದರೆ ಅಷ್ಟು ಮಕ್ಕಳ ಕದ ತೆರೆಸಿ ನನ್ನ ಒಂದು ತಾಸು ತುಂಬಿಸಿಕೊಳ್ಳುವುದೆಂದರೆ, ನಾನು ಬರೆದ ಮೀಸೆಯವನಿಗೂ ನನಗೂ ಏನು ಫರಕು? ಅಳಿಸದೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಉಂಡಿಯ ಡಬ್ಬಿ ಹಿಡಿದು ಬೀದಿ ದಾಟಿ, ನಾನೇ ಹೋಗಿ ಕದ ಬಡಿದೆ.

"ಯಾರು?"

"ನಾನವ್ವಾ, ಅಕ್ಕೋರು."

"ಅವ್ವ ಇನ್ನೂ ಬಂದಿಲ್ರಿ. ಕದಾ ತೆಗಿಯಂಗಿಲ್ಲ."

ಶಹಬ್ಬಾಸ್ ಎನ್ನಬೇಕಾದವಳು ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡೆ. ಮನೆಯತ್ತ ತಿರುಗಿದೆ. ಒಳಗಿನಿಂದ ದನಿ ಬಂತು: "ಬಿಸಲಾಗ ನಿಂತೀರೇನ್ರಿ? ಕಟ್ಟಿ ಮ್ಯಾಲೆ ಕೂಡ್ರಿ."

ಕಿಟಕಿಯ ಸರಳುಗಳ ನಡುವಿನಿಂದ ಸಣ್ಣ ಲೋಟವೊಂದು ಹೊರಬಂತು. ಅರ್ಧ ನೀರು ನನ್ನ ಸೀರೆಯ ಮೇಲೆ. ಹಿಂದೆಯೇ ಒಂದು ಚೂರು ಬೆಲ್ಲ.

"ಉಂಡಿ ಅಲ್ಲೇ ಇಡ್ರಿ, ಅವ್ವನ್ನ ಕೇಳಿ ತಿಂತೀನಿ. ಸುದ್ದಿ ಹೇಳ್ಲೇನ್ರಿ? ಸುದ್ದಿಗೆ ಕೇಳಬೇಕಂತ ಆಟದಾಗ ಇಲ್ಲ."

ಹತ್ತು ದಿನಗಳಲ್ಲಿ ಊರಲ್ಲಿ ನಾಲ್ಕು ಹಲ್ಲು ಬಿದ್ದಿದ್ದವು.

ಕಿಟಕಿಯೂ ಅಪಾಯವೇ ಎಂದು ಬಲ್ಲೆ. ಅದಕ್ಕೇ ನೀರು ಕೊಡುವ ಬಟನ್ ಈಗಲೂ ವೆಬ್‌ಸೈಟಿನಲ್ಲಿ ಇಲ್ಲ. ಮೀಸೆಯವನಿಗೆ ಮಾತ್ರ ಕೂರಲು ಒಂದು ಕಟ್ಟೆ ಬರೆದುಕೊಟ್ಟೆ, ಕೈಗೊಂದು ಡಬ್ಬಿ. ಯಾವ ಮಗುವೂ ಅವನಿಗೆ ಕದ ತೆಗೆಯುವುದಿಲ್ಲ. ಅವನನ್ನು ಮಿಕಿಮಿಕಿ ನೋಡಿ, ನನ್ನತ್ತ ತಿರುಗಿ ಕೇಳುತ್ತವೆ: "ಅಕ್ಕೋರ, ನಿಮಗ ಮೀಸಿ ಯಾವಾಗ ಬಂದೂವ್ರಿ?"