ಬಹದ್ದೂರನ ನಡತೆ ಸರ್ಟಿಫಿಕೇಟು

"ಒಂದೇ ಭಾಷಣ! ಒಂದೇ ಭಾಷಣಕ್ಕೆ ಆ ಠರಾವು ರದ್ದಾಗದೇ ಹೋದ್ರೆ ನನ್ನ ಹೆಸ್ರು ಶಾಂತಾರಾಮ ಹೆಗಡೆ ಅಲ್ದೇ ಅಲ್ಲ!"

ಹೀಗೆ ಘೋಷಿಸಿ ಶಾಂತಾರಾಮ ಹೆಗಡೆಯವರು ಊಟದ ಮೇಜನ್ನು ಗುದ್ದಿದ ರಭಸಕ್ಕೆ ಕೆಳಗೆ ಮಲಗಿದ್ದ ಬಹದ್ದೂರ ಬೆಚ್ಚಿಬಿದ್ದು ಅವರ ಹೆಂಡತಿ ಮಾಲತಿಯ ಸೀರೆಯ ಹಿಂದೆ ಅಡಗಿಕೊಂಡ. ಐವತ್ತು ಕಿಲೋ ತೂಗುವ ರಾಟ್‌ವೀಲರ್ ನಾಯಿ ಸೀರೆಯ ಹಿಂದೆ ಅಡಗುವುದು ಸುಲಭದ ಮಾತಲ್ಲ. ಮುಖವೊಂದು ಅಡಗಿತು, ಉಳಿದದ್ದೆಲ್ಲ ಹೊರಗೇ ಇತ್ತು.

ಬಹದ್ದೂರನಿಗೆ ಕುಕ್ಕರಿನ ಸೀಟಿ ಎಂದರೆ ಭಯ, ಬೆಕ್ಕೆಂದರೆ ಮಹಾಭಯ. ಮೊಸರನ್ನದ ಮೇಲೆಯೇ ಬೆಳೆದ ಜೀವ. ಅವನನ್ನು ಆ ಮನೆಯಲ್ಲಿ ಯಾರೂ 'ಅದು' ಎನ್ನುವಂತಿರಲಿಲ್ಲ. ಆದರೆ ಕುಮಟೆಯ ಆ ಬಡಾವಣೆಯ ನಿವಾಸಿಗಳ ಸಂಘಕ್ಕೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅಧ್ಯಕ್ಷ ದೇವರಾಜ ನಾಯ್ಕರ ಮೊಬೈಲಿಗೆ ಯಾವುದೋ ಊರಿನ ಯಾವುದೋ ನಾಯಿ ಯಾರನ್ನೋ ಅಟ್ಟಿಸಿಕೊಂಡು ಹೋಗುವ ವಿಡಿಯೋ ಬಂತು. ಮರುದಿನವೇ ತುರ್ತು ಸಭೆ! "ರಾಟ್‌ವೀಲರ್, ಪಿಟ್‌ಬುಲ್ ಹಾಗೂ ತತ್ಸಮಾನ ತಳಿಯ ನಾಯಿಗಳನ್ನು ಬಡಾವಣೆಯಲ್ಲಿ ಸಾಕತಕ್ಕದ್ದಲ್ಲ. ಈಗಾಗಲೇ ಸಾಕಿದವರು ಹದಿನೈದು ದಿನದೊಳಗೆ ಸಾಗಿಸತಕ್ಕದ್ದು." ಇಪ್ಪತ್ತೆರಡು ಮನೆಗಳಲ್ಲಿ ಅಂಥ ನಾಯಿ ಇದ್ದದ್ದು ಒಂದೇ ಮನೆಯಲ್ಲಿ. ಸಾಗಿಸುವುದಾದರೆ ಹಳದೀಪುರದ ಭಾವನ ತೋಟಕ್ಕೆ ಸಾಗಿಸಬೇಕು. ಅಲ್ಲಿ ತೆಂಗಿನಮರಕ್ಕೆ ಸರಪಳಿ ಬಿಗಿದು ಕಟ್ಟುತ್ತಾರೆ. ಫ್ಯಾನಿಲ್ಲದೆ ನಿದ್ದೆ ಮಾಡದ ಬಹದ್ದೂರನನ್ನು ಮರದ ಬುಡದಲ್ಲಿ ನೆನೆಸಿಕೊಂಡರೆ ಹೆಗಡೆಯವರು ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಹೆಗಡೆಯವರು ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರು. ಇಪ್ಪತ್ತು ವರ್ಷದಿಂದ ಹುಡುಗರನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿ ಬಹುಮಾನದ ಢಾಲು ಗೆದ್ದು ತಂದವರು. ಆಕ್ಷೇಪಣಾ ಪತ್ರ ಬರೆಯಲು ಕುಳಿತರೆ ಲೇಖನಿ ಖಡ್ಗವೇ ಆಯಿತು! "ಒಂದು ಜೀವವನ್ನು ಅದರ ಹುಟ್ಟಿನಿಂದ ಅಳೆಯುವುದು ಅನ್ಯಾಯ. ಅದು ಏನು ಮಾಡಿದೆ ಎಂದು ನೋಡಿ, ಯಾವ ತಳಿ ಎಂದಲ್ಲ. ಕೇವಲ ಹೆಸರು ಕೇಳಿದ ಮಾತ್ರಕ್ಕೆ…"

ಅಷ್ಟರಲ್ಲಿ ಕರೆಗಂಟೆ ಮೊಳಗಿತು.

ಬಾಗಿಲಲ್ಲಿ ಹೆಲ್ಮೆಟ್ ಹಿಡಿದ ಒಬ್ಬ ತರುಣ. "ಸರ್, ಮೇಲಿನ ಮನೆ ಬಾಡಿಗೆಗೆ ಇದೆ ಅಂತ ಬೋರ್ಡ್ ನೋಡ್ದೆ."

"ಹೌದು, ಹೌದು. ಬನ್ನಿ. ಯಾವೂರು?"

"ಭಟ್ಕಳ ಸರ್."

"ಹೆಸರು?"

"ನರೇಶ ಖಾರ್ವಿ."

ಖಾರ್ವಿ ಅಂದರೆ ಮೀನುಗಾರರ ಪೈಕಿ! ಬಾಗಿಲು ಅರ್ಧ ಮುಚ್ಚಿಕೊಂಡಿತು. "ಛೇ! ಒಂದು ದಿನ ಮೊದ್ಲು ಬಂದಿದ್ರೆ ಆಗ್ತಿತ್ತು ನೋಡಿ. ನಮ್ಮ ಅಳಿಯ ಬರ್ತಾ ಇದ್ದಾನೆ, ಅವನಿಗೇ ಬೇಕಂತೆ."

ತರುಣ ಬೋರ್ಡನ್ನೊಮ್ಮೆ, ಹೆಗಡೆಯವರನ್ನೊಮ್ಮೆ ನೋಡಿದ. "ಆತು ಸರ್" ಎಂದು ಹೊರಟ. ಬಹದ್ದೂರ ಮಾತ್ರ ಅವನ ಬೂಟು ಮೂಸುತ್ತ, ಮೋಟು ಬಾಲ ಅಲ್ಲಾಡಿಸುತ್ತ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದ.

"ಮಗಳೇ ಇಲ್ದೇ ಇಪ್ಪವಕ್ಕೆ ಅಳಿಯ ಎಲ್ಲಿಂದ ಬತ್ತ?" ಒಳಗಿನಿಂದ ಮಾಲತಿ ಕೇಳಿದಳು. "ನಾಲ್ಕು ತಿಂಗ್ಳಲ್ಲಿ ಇದು ಐದನೇ ಸಲ ಅಳಿಯ ಬಂದಿದ್ದು!"

"ಮೇಲೆ ಮೀನು ಹುರಿದ್ರೆ ವಾಸನೆ ಕೆಳಗೆ ಬತ್ತಿಲ್ಯನೇ?"

"ಅಂವ ಹುರಿತ್ನೋ ಇಲ್ಯೋ ಕೇಳಿದ್ರಾ?"

"ಕೇಳೂದೆಂತಕ್ಕೆ? ಹೆಸ್ರು ಕೇಳಿದ್ರೆ ಗೊತ್ತಾಗ್ತಿಲ್ಯಾ!"

ಎಂದವರೇ ಮತ್ತೆ ಬಂದು ಕುಳಿತು ಅರ್ಧಕ್ಕೆ ನಿಂತ ವಾಕ್ಯವನ್ನು ಪೂರ್ತಿ ಮಾಡಿದರು: "…ತೀರ್ಪು ಕೊಡುವುದು ಅನಾಗರಿಕತೆ. ಹದಿನೈದು ದಿನ ಹತ್ತಿರದಿಂದ ಗಮನಿಸಿ, ಆಮೇಲೆ ಹೇಳಿ!" ಬರೆದದ್ದನ್ನು ತಾವೇ ಓದಿಕೊಂಡಾಗ ಅವರ ಕಣ್ಣು ತೇವವಾಯಿತು. ಅಷ್ಟು ಚೆನ್ನಾಗಿತ್ತು.

ಭಾನುವಾರದ ಸಭೆಯಲ್ಲಿ ಹೆಗಡೆಯವರು ಗುಡುಗಿದರು. "ಕಳೆದ ವರ್ಷ ನಮ್ಮ ಬಡಾವಣೆಯಲ್ಲಿ ನಾಯಿ ಕಚ್ಚಿದ್ದು ಮೂವರಿಗೆ. ಮೂವರನ್ನೂ ಕಚ್ಚಿದ್ದು ಯಾರು? ಖಜಾಂಚಿ ಪ್ರಕಾಶ ಶಾನಭಾಗರ ಪೊಮೆರೇನಿಯನ್, ಪಿಂಕಿ!" ಖಜಾಂಚಿಗಳು ತಲೆ ತಗ್ಗಿಸಿ ತಮ್ಮ ಮೀನಖಂಡವನ್ನೇ ನೋಡಿಕೊಂಡರು. ಆ ಮೂವರಲ್ಲಿ ಅವರೂ ಒಬ್ಬರು.

ದೇವರಾಜ ನಾಯ್ಕರು ಕೈ ಎತ್ತಿದರು. "ಆತು ಹೆಗಡೇರೆ, ಸಾಕು ಮಾಡಿ. ಸರ್ಕಾರಿ ಪಶುವೈದ್ಯರ ಹತ್ರ ನಾಯಿ ಸ್ವಭಾವದ ಬಗ್ಗೆ ಒಂದು ಸರ್ಟಿಫಿಕೇಟ್ ತನ್ನಿ, ಠರಾವು ತೆಗೆದ್ಹಾಕ್ವ. ತರದಿದ್ರೆ ನಾಯಿ ಹೋಗ್ಬೇಕು, ಅಷ್ಟೇಯ."

ಇಷ್ಟೇ ತಾನೇ! ಮರುದಿನ ಮಧ್ಯಾಹ್ನ ಹೆಗಡೆಯವರು ನಾಲ್ಕು ಪುಟದ ಆಕ್ಷೇಪಣೆಯನ್ನು ಅರ್ಜಿಗೆ ಲಗತ್ತಿಸಿ, ಹೆಂಡತಿ, ನಾಯಿ ಸಮೇತ ಪಶು ಆಸ್ಪತ್ರೆಗೆ ದಂಡೆತ್ತಿ ಹೋದರು. ಹೊಸ ಡಾಕ್ಟರು ಬಂದು ಮೂರು ವಾರವಾಗಿದೆಯಂತೆ. ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ಡಾಕ್ಟರು ತಲೆ ಎತ್ತಿದರು.

"ಬನ್ನಿ ಸರ್" ಎಂದರು ಡಾಕ್ಟರ್ ನರೇಶ ಖಾರ್ವಿ. "ಎಂತ, ಅಳಿಯ ಬಂದ್ರಾ?"

ಇಪ್ಪತ್ತು ವರ್ಷ ಢಾಲು ಗೆದ್ದ ನಾಲಿಗೆ ತೊದಲಿತು. "ಅಂವ… ಅವನಿಗೆ… ರಜೆ ಸಿಕ್ಕಿಲ್ಲ."

ಡಾಕ್ಟರು ಅರ್ಜಿ ತೆಗೆದುಕೊಂಡು ಆಕ್ಷೇಪಣೆಯನ್ನು ಓದತೊಡಗಿದರು. ಅದೂ ಗಟ್ಟಿಯಾಗಿ! "ಹುಟ್ಟಿನಿಂದ ಅಳೆಯುವುದು ಅನ್ಯಾಯ… ಒಳ್ಳೇ ಮಾತು. ಕೇವಲ ಹೆಸರು ಕೇಳಿದ ಮಾತ್ರಕ್ಕೆ ತೀರ್ಪು ಕೊಡುವುದು ಅನಾಗರಿಕತೆ… ಭಾಳ ಚಂದ ಬರ್ದೀರಿ ಸರ್. ಇದನ್ನ ಯಾವಾಗ ಬರ್ದದ್ದು?"

"ನೀವು ಬಂದಿದ್ರಲ್ಲ, ಅದೇ ದಿವ್ಸ" ಎಂದಳು ಮಾಲತಿ. "ನೀವು ಬಪ್ಪಕಿಂತ ಮೊದ್ಲು ಅರ್ಧ, ಹೋದ್ಮೇಲೆ ಅರ್ಧ."

ಹೆಗಡೆಯವರಿಗೆ ನೆಲ ಬಿರಿಯಬಾರದೇ ಎನಿಸಿತು. ಕಾಲೇಜಿನಲ್ಲಿ, ಸಭೆಯಲ್ಲಿ ಎಲ್ಲಿಯೂ ಬಾರದಿದ್ದ ನಾಚಿಕೆ ಆ ಪುಟ್ಟ ಕೋಣೆಯಲ್ಲಿ ಒಮ್ಮೆಲೇ ಬಂತು.

"ಇರ್ಲಿ. ಎಂತ ತಿನ್ನೂಕೆ ಹಾಕ್ತೀರಿ ಇವನಿಗೆ? ಮೀನು ತಿಂತಾನಾ?"

"ಮೀನು? ರಾಮ ರಾಮ! ಹುಟ್ಟಿದಾಗಿಂದ ಶುದ್ಧ ಸಸ್ಯಾಹಾರಿ, ಡಾಕ್ಟ್ರೇ! ನಮ್ಮ ಮನೆಯ ಸಂಸ್ಕಾರ—"

ಚಪ್, ಚಪ್, ಚಪ್.

ಮೂವರೂ ತಿರುಗಿ ನೋಡಿದರು. ನಮ್ಮ ಮನೆಯ ಸಂಸ್ಕಾರ ಮುಂಗಾಲೆರಡನ್ನೂ ಮೇಜಿನ ಮೇಲಿಟ್ಟು, ಡಾಕ್ಟರ ಡಬ್ಬಿಗೆ ಮೂತಿ ಹಾಕಿ, ಹುರಿದ ಬಂಗಡೆ ಮೀನನ್ನು ಬಾಲದ ತನಕ ಮುಗಿಸಿ ಬುತ್ತಿಯ ತಳ ನೆಕ್ಕುತ್ತಿತ್ತು! ಮುಗಿದ ಮೇಲೆ ಬಹದ್ದೂರ ಡಾಕ್ಟರ ತೊಡೆಯ ಮೇಲೆ ತಲೆಯಿಟ್ಟು ಇಂಥ ಸುಖ ಇಷ್ಟು ವರ್ಷ ಎಲ್ಲಿತ್ತು ಎಂಬಂತೆ ಕಣ್ಣು ಮುಚ್ಚಿದ. ಡಾಕ್ಟರು ಅವನ ಕಿವಿ ಜಗ್ಗಿದರು, ಬಾಯಿಗೆ ಕೈ ಹಾಕಿದರು, ಬಾಲ ಎಳೆದರು. ಒಂದು ಗುರ್ ಕೂಡ ಇಲ್ಲ.

"ಡಾಕ್ಟ್ರೇ" ಎಂದರು ಹೆಗಡೆಯವರು, ಈ ಸಲ ಭಾಷಣದ ದನಿಯಲ್ಲಲ್ಲ. "ಸರ್ಟಿಫಿಕೇಟ್ ಕೊಡಿ, ಬಿಡಿ, ಅದು ನಿಮ್ಮಿಷ್ಟ. ನಾನು ಮಾಡಿದ್ದು ತಪ್ಪು. ಮೇಲಿನ ಮನೆ ಖಾಲಿ ಇದೆ."

"ಮತ್ತೆ ಅಳಿಯ?"

"ಅಂವ ಇನ್ನು ಬತ್ನಿಲ್ಲೆ" ಎಂದಳು ಮಾಲತಿ. ಪರ್ಸಿನಿಂದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ಅವಳು ಮನೆಯಿಂದ ಹೊರಡುವಾಗಲೇ ತಂದಿದ್ದಳು. ಡಾಕ್ಟರ ಹೆಸರನ್ನು ಅವಳು ಫೋನಿನಲ್ಲಿ ಮೊದಲೇ ವಿಚಾರಿಸಿದ್ದಳು, ಗಂಡನಿಗೆ ಹೇಳಿರಲಿಲ್ಲ ಅಷ್ಟೇ.

ಡಾಕ್ಟರು ಮೊದಲ ಬಾರಿಗೆ ನಕ್ಕರು. ಸರ್ಟಿಫಿಕೇಟು ಬರೆದು, ಮೊಹರು ಒತ್ತಿ, ಲಕೋಟೆಗೆ ಹಾಕಿ ಕೊಟ್ಟರು.

ಮುಂದಿನ ಭಾನುವಾರ ಸಭೆಯಲ್ಲಿ ಹೆಗಡೆಯವರ ಎದೆ ಮತ್ತೆ ಉಬ್ಬಿತ್ತು. ಇಪ್ಪತ್ತೆರಡು ಮನೆಯವರ ಎದುರು ಲಕೋಟೆ ಒಡೆದು, ಒಂದೊಂದೇ ಅಕ್ಷರ ಬಿಡಿಸಿ ಓದಿದರು: "ನಾಯಿಯನ್ನು ಕೂಲಂಕಷವಾಗಿ ಪರೀಕ್ಷಿಸಲಾಗಿದೆ. ಸ್ವಭಾವ ಅತ್ಯಂತ ಸೌಮ್ಯ. ಇದರಿಂದ ಯಾರಿಗೂ ಅಪಾಯವಿಲ್ಲ."

ಚಪ್ಪಾಳೆ ಬಿತ್ತು! ಆ ಹುರುಪಿನಲ್ಲಿ ಹೆಗಡೆಯವರು ಮೊಹರಿನ ಕೆಳಗಿದ್ದ ಸಣ್ಣ ಅಕ್ಷರದ ಸಾಲನ್ನೂ ಅದೇ ಏರುದನಿಯಲ್ಲಿ ಓದಿಬಿಟ್ಟರು:

"ಷರಾ: ಮಾಲೀಕರನ್ನು ಮಾತ್ರ ಇನ್ನೂ ಹದಿನೈದು ದಿನ ಮೇಲಿನ ಮನೆಯಲ್ಲಿದ್ದು ಹತ್ತಿರದಿಂದ ಗಮನಿಸಿ, ಆಮೇಲೆ ಹೇಳಲಾಗುವುದು."