ಮೂರು ಗಾಜು, ಒಂದು ಮುಖ

ಕತ್ತಲೆಗೂ ಬೆಳಕಿಗೂ ಒಬ್ಬಳೇ ಒಡತಿಯಾದ ನಮ್ಮ ತಾಯಿ ಚೌಡೇಶ್ವರಿಗೆ ಮೊದಲ ನಮಸ್ಕಾರ. ಅವಳು ದೀಪ ಹಿಡಿಯದಿದ್ದರೆ ನನಗೂ ಕಣ್ಣಿಲ್ಲ, ನನ್ನ ಪೆಟ್ಟಿಗೆಗೂ ಕಣ್ಣಿಲ್ಲ.

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವನು ಪಟ ತೆಗೆಯುವ ಪೆಟ್ಟಿಗೆ ಹೊತ್ತು ತಿರುಗಿದರೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ನಾನು ಬೇಡವೆಂದರೂ ಆಗುತ್ತವೆ, ಹರಕೆ ಹೊತ್ತರೂ ಆಗುತ್ತವೆ.

ಭೂಮಿ ಅಳೆಯಲು ಬಂದ ಒಬ್ಬ ಬಿಳಿ ದೊರೆ ನಮ್ಮೂರ ಬಂಗಲೆಯಲ್ಲಿ ಕೆಲವು ತಿಂಗಳು ಇದ್ದ. ನಾನು ನೇಯ್ದ ಸೀರೆ ದೊರೆಸಾನಿಗೆ ಬಹಳ ಹಿಡಿಸಿತು. ಊರು ಬಿಡುವಾಗ ದೊರೆ ತನ್ನ ಹಳೆಯ ಪೆಟ್ಟಿಗೆ, ಔಷಧದ ಸೀಸೆಗಳು, ಒಂದಿಷ್ಟು ಕಾಗದ, ಮೂರೇ ಮೂರು ಗಾಜಿನ ಹಲಗೆ ನನಗೆ ಕೊಟ್ಟ. ಎರಡು ದಿನ ಕೈಸನ್ನೆಯಲ್ಲೇ ಪಾಠ. ಪೆಟ್ಟಿಗೆಯ ತಿದಿಯನ್ನು ಹಿಂದೆ ಮುಂದೆ ಎಳೆದು ಬಿಂಬವನ್ನು ಚೂಪು ಮಾಡಬೇಕು. ದೊಡ್ಡದೋ ಸಣ್ಣದೋ ತೂತಿನ ತಗಡು ಸಿಕ್ಕಿಸಿ ಬೆಳಕನ್ನು ಅಳತೆಯಲ್ಲಿ ಬಿಡಬೇಕು. ಆಮೇಲೆ ಪಟ ಮೂಡುವ ಗಾಜಿನ ಹಲಗೆ ಸಿಕ್ಕಿಸಿ, ಪೆಟ್ಟಿಗೆಯ ಕಣ್ಣಿನ ಮುಚ್ಚಳ ತೆಗೆದು, ಎಣಿಸಿ, ಮುಚ್ಚಬೇಕು. ಒಂದು ಪಟಕ್ಕೆ ಒಂದು ಹಲಗೆ. ಎಷ್ಟು ಎಣಿಸಬೇಕೆಂದು ಕೇಳಿದ್ದಕ್ಕೆ ನಾಲ್ಕು ಬೆರಳು ತೋರಿಸಿ ಗಾಡಿ ಹತ್ತಿದ.

ಕಾಲು ಮೇಲೆ

ಪೆಟ್ಟಿಗೆಯ ಬೆನ್ನಿಗೆ ಒಂದು ಮಸುಕು ಗಾಜು. ಕರಿ ಬಟ್ಟೆ ಹೊದ್ದು ಅದನ್ನು ನೋಡಿದರೆ ಎದುರಿನ ಬೀದಿ ಕಾಣುತ್ತದೆ. ಆದರೆ ತಲೆಕೆಳಗು! ಮನೆಗಳು ಬಾವಲಿಯಂತೆ ನೇತಾಡುತ್ತಿದ್ದವು.

ಪಕ್ಕದ ಮಗ್ಗದ ಗೆಳೆಯನನ್ನು ಕರೆದೆ. ಅವನು ಗರಡಿಯಲ್ಲಿ ಸಾಮು ಮಾಡಿದ ಆಳು. ನೋಡಿ, "ಲೇ, ಪೆಟ್ಟಿಗೇನೆ ತಿರುವಿ ಇಡು, ಸರಿಹೋಗ್ತದೆ" ಎಂದ. ತಿರುವಿ ನೆಲದ ಮೇಲಿಟ್ಟೆವು. ಬೀದಿ ಆಗಲೂ ತಲೆಕೆಳಗು.

"ಪೆಟ್ಟಿಗೆ ಮಾತು ಕೇಳ್ತಾ ಇಲ್ಲ. ಹಂಗಾದ್ರೆ ನಾನೇ ತಿರುಗ್ತೀನಿ" ಎಂದವನೇ ಬಟ್ಟೆಯೊಳಗೆ ತಲೆ ತೂರಿಸಿ, ಶೀರ್ಷಾಸನ ಹಾಕಿಬಿಟ್ಟ. ಒಳಗಿನಿಂದ ಕೂಗು: "ಆಹಾ! ಈಗ ನೆಟ್ಟಗೈತೆ ನೋಡು! ಯಜಮಾನ್ರು ಬರ್ತಾ ಅವ್ರೆ, ಮೀಸೆ ಸುದ್ಧ ಕಾಣ್ತೈತೆ!"

ಯಜಮಾನರು ನಿಜವಾಗಿಯೂ ಬಂದರು. ಬೀದಿಯ ಹಿರಿಯರು, ನ್ಯಾಯ ಹೇಳುವವರು. ಕರಿ ಮೈ, ಬೆಳ್ಳನೆ ಮೀಸೆ, ತಲೆಗೆ ಕೆಂಪು ರುಮಾಲು. ಅವರಿಗೆ ಕಂಡದ್ದು ಕರಿ ಬಟ್ಟೆಯಿಂದ ಹೊರಗೆ ಮುಗಿಲಿಗೆ ಚಾಚಿಕೊಂಡು ಒದ್ದಾಡುತ್ತಿದ್ದ ಎರಡು ಕಾಲು ಮಾತ್ರ.

"ಅಯ್ಯಯ್ಯೋ, ಏಮಿರಾ ಇದಿ, ಏನ್ರೋ ಇದು! ತಲೆ ಕಡೆಯಿಂದ ನುಂಗ್ತಾ ಐತೆ, ಕಾಲು ಹಿಡಿದು ಎಳೀರೋ!" ಎಂದು ತೆಲುಗು ಕನ್ನಡ ಬೆರೆಸಿ ಕೂಗಿ ತಾವೇ ಹಾರಿ ಎಳೆದರು. ಮೂವರೂ ಉರುಳಿದೆವು. ಪೆಟ್ಟಿಗೆ ಒಂದೇ ನೆಟ್ಟಗೆ ನಿಂತಿತ್ತು.

ಆ ಸಂಜೆ ಕಟ್ಟೆಯ ಮೇಲೆ ಯಜಮಾನರು ತೀರ್ಪು ಕೊಟ್ಟರು. "ಅದು ಮನುಷ್ಯರ ಆಯುಸ್ಸು ಕುಡಿಯೋ ಪೆಟ್ಟಿಗೆ. ಬಾವಿಗೆ ಹಾಕು."

ನಾನು ಕೈ ಮುಗಿದೇ ಹೇಳಿದೆ. "ಆಯುಸ್ಸು ಬರೆದೋಳು ತಾಯಿ. ಅವಳು ಬರೆದದ್ದನ್ನ ಕುಡಿಯೋಕೆ ಈ ಮರದ ಪೆಟ್ಟಿಗೆ ಯಾವ ಊರ ದೊಣ್ಣೆನಾಯಕ, ಯಜಮಾನ್ರೇ? ನಾನು ಹಾಕಲ್ಲ. ಕಲಿತೇ ತೀರ್ತೀನಿ."

ಯಜಮಾನರಿಗೆ ಅದುವರೆಗೆ ಯಾರೂ ಹಾಗೆ ಎದುರಾಡಿರಲಿಲ್ಲ. ಮೀಸೆ ತಿರುವಿ ಕೇಳಿದರು:

"ಎಷ್ಟು ಗಾಜು ಐತೆ?"

"ಮೂರು."

"ಮೂರರೊಳಗೆ ಒಂದು ಮುಖ, ಕಣ್ಣು ಮೂಗು ಸಮೇತ ಬೀಳಿಸು. ಬಿದ್ರೆ ಪೆಟ್ಟಿಗೆ ನಿನ್ನದು. ಬೀಳದಿದ್ರೆ ಬಾವಿದು."

ನಾಲ್ಕು ಬೆರಳು

ಮೊದಲ ಗಾಜಿಗೆ ಅವ್ವ ಕೂತಳು. ದೊರೆಯ ನಾಲ್ಕು ಬೆರಳು ನೆನಪಿತ್ತು. ಆದರೆ ನಾಲ್ಕು ಏನು? ನನಗೆ ಎಣಿಕೆಯೆಂದರೆ ಜಪ ಒಂದೇ. ನಾಲ್ಕು ಎಂದರೆ ನಾಲ್ಕು ಸುತ್ತು ಜಪಮಾಲೆಯೇ ಇರಬೇಕೆಂದು ನಿಶ್ಚಯಿಸಿದೆ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, "ತಾಯಿ ಚೌಡೇಶ್ವರಿ" ಎಂದು ಶುರು ಮಾಡಿದೆ.

ಮೊದಲ ಸುತ್ತಿಗೆ ಅವ್ವ ಅಲುಗಲಿಲ್ಲ. ಎರಡನೆಯದಕ್ಕೆ ತೂಕಡಿಸಿದಳು. ಮೂರನೆಯದರಲ್ಲಿ ಗೊರಕೆ. ನಾಲ್ಕನೆಯದು ಮುಗಿಸಿ ಕಣ್ಣು ತೆರೆದರೆ ಕುರ್ಚಿ ಖಾಲಿ. ಅವ್ವ ಒಳಗೆ ರೊಟ್ಟಿ ತಟ್ಟುತ್ತಿದ್ದಳು.

ಪಟ ಮೂಡಿಸಲು ಕತ್ತಲು ಬೇಕು. ದವಸದ ಕೋಣೆಯ ಕಿಂಡಿಗಳಿಗೆಲ್ಲ ಚೀಲ ತುರುಕಿ, ದೀಪಕ್ಕೆ ಕೆಂಪು ರೇಷ್ಮೆ ಸುತ್ತಿ, ಗಾಜನ್ನು ಔಷಧದಲ್ಲಿ ತೊಳೆದೆ. ರೊಟ್ಟಿ ಹೆಂಚಿನಷ್ಟು ಕಪ್ಪು. ಮೂಗಿಲ್ಲ, ಕಣ್ಣಿಲ್ಲ, ಅವ್ವನೇ ಇಲ್ಲ.

ಅವ್ವ ಅದನ್ನು ತಿರುಗಿಸಿ ನೋಡಿ ಹೇಳಿದಳು: "ನಾಮ ಜಪಿಸಿದ್ರೆ ಪಾಪ ಸುಟ್ಟು ಹೋಗ್ತದೆ ಅಂತ ಕೇಳಿದ್ದೆ. ಅವ್ವನೂ ಸುಟ್ಟು ಹೋಗ್ತಾಳೆ ಅಂತ ಇವತ್ತೇ ಗೊತ್ತಾಗಿದ್ದು ಮಗನೇ."

ಅಂದೇ ತಿಳಿದೆ. ನಾಲ್ಕು ಬೆರಳೆಂದರೆ ನಾಲ್ಕು ಸಲ ತಾಯಿಯ ಹೆಸರು. ಅಷ್ಟೇ.

ಕಾಣೆಯಾದ ಗಾಣಿಗ

ಸೀರೆ ಒಪ್ಪಿಸಲು ಚಳ್ಳಕೆರೆಗೆ ಹೋದಾಗ ಪೆಟ್ಟಿಗೆಯನ್ನೂ ಗಾಡಿಯಲ್ಲಿಟ್ಟುಕೊಂಡೆ. ಅಲ್ಲಿ ಪರಿಚಯದ ಗಾಣಿಗರೊಬ್ಬರು, "ನನ್ನ ಮುಖ ತೆಗೀರಿ, ನಾನು ಯಾವ ಯಜಮಾನನಿಗೂ ಹೆದರಲ್ಲ" ಎಂದರು. ಒಂದೇ ಷರತ್ತು. ಗಾಣ ನಿಲ್ಲಬಾರದು. ಅವರು ಗಾಣದ ಮರದ ಮೇಲೆ ಕೂತು ಎತ್ತಿನ ಹಿಂದೆ ಸುತ್ತುತ್ತಲೇ ಇರಬೇಕು. ಎಣ್ಣೆ ಇಳಿಯುವ ಹೊತ್ತಂತೆ.

ನಡು ಮಧ್ಯಾಹ್ನದ ಬಿಸಿಲು. ಅವ್ವ ಸುಟ್ಟಂತೆ ಗಾಣಿಗರೂ ಸುಟ್ಟಾರೆಂದು ಹೆದರಿ ಎಲ್ಲಕ್ಕಿಂತ ಸಣ್ಣ ತೂತಿನ ತಗಡು ಸಿಕ್ಕಿಸಿದೆ. ಎಳ್ಳು ತೂರುವಷ್ಟು ತೂತು. ಆಮೇಲೆ ಅನುಮಾನ ಬಂತು. ಇಷ್ಟು ಸಣ್ಣ ಬಾಗಿಲಲ್ಲಿ ಬೆಳಕು ಒಳಗೆ ಬರುವುದು ಯಾವಾಗ? ಸರಿ, ನಾಲ್ಕರ ಬದಲು ನಲವತ್ತು ಸಲ ಹೆಸರು ಹೇಳಿದೆ. ಅಷ್ಟರಲ್ಲಿ ಗಾಣ ನಾಲ್ಕು ಸುತ್ತು ಹಾಕಿತ್ತು.

ಊರಿಗೆ ಬಂದು ತೊಳೆದರೆ ಗಾಜಿನ ಮೇಲೆ ಎಲ್ಲವೂ ಅದಲುಬದಲು. ಬಿಳಿಯದು ಕಪ್ಪು, ಕಪ್ಪಾದದ್ದು ಬಿಳುಪು. ಅದನ್ನು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಸರಿಹೋಗುತ್ತದೆ. ಹಾಗೆ ಮಾಡಿ ಮುಂದಿನ ವಾರ ಕಾಗದ ಒಯ್ದು ಕೊಟ್ಟೆ. ಏನು ಚೆಂದ ಬಿದ್ದಿತ್ತು ಗಾಣ! ಒರಳಿನ ಗಂಟು, ಗೋಡೆಯ ಬಿರುಕು, ಎಣ್ಣೆಯ ಗಡಿಗೆ, ಎಲ್ಲ ಚೂಪು. ನಿಂತದ್ದೆಲ್ಲ ಇತ್ತು. ಸುತ್ತಿದ ಎತ್ತಿಲ್ಲ, ಗಾಣಿಗರಿಲ್ಲ.

ಅವರ ಮುಖ ಬೆವರಿತು. ಓಡಿ ಹೋಗಿ ಎತ್ತನ್ನು ಮುಟ್ಟಿ ನೋಡಿದರು. ತಮ್ಮ ತೋಳು ಚಿವುಟಿಕೊಂಡರು. ಸಮಾಧಾನವಾಗದೆ ಹೆಂಡತಿಯನ್ನು ಕೂಗಿದರು. "ಲೇ ಇವಳೇ, ನಾನು ಇದೀನೇನೇ?"

ಒಳಗಿಂದ ಉತ್ತರ ಬಂತು: "ಊಟದ ಹೊತ್ತಿಗೆ ಇರ್ತೀರಿ. ಕೆಲಸದ ಹೊತ್ತಿಗೆ ನಾನೂ ಕಂಡಿಲ್ಲ."

ಕೊನೆಯ ಗಾಜು

ಈ ಸುದ್ದಿ ನನಗಿಂತ ಮೊದಲೇ ಮೊಳಕಾಲ್ಮೂರು ಮುಟ್ಟಿತು. "ಚಳ್ಳಕೆರೇಲಿ ಎತ್ತು ಸಮೇತ ಗಾಣಿಗನ್ನ ಕುಡಿದು ಬಂದೈತೆ" ಎಂದು ಬೀದಿ ತುಂಬ ಮಾತು. ಒಂದೇ ಗಾಜು ಉಳಿದಿತ್ತು. ಕೂರಲು ಯಾರೂ ಒಪ್ಪಲಿಲ್ಲ. ಶೀರ್ಷಾಸನದ ಗೆಳೆಯನಿಗೂ ಅಂದೇ ಹೊಟ್ಟೆನೋವು.

ಯಜಮಾನರು ಬಾವಿ ಹಗ್ಗವನ್ನೇ ಹಿಡಿದು ಬಂದರು. "ಆಯ್ತಲ್ಲ? ತಾ ಇಲ್ಲಿ."

"ಇನ್ನೂ ಒಂದು ಗಾಜೈತೆ."

"ಕೂರೋರು ಯಾರು?"

ತಾಯಿಯನ್ನು ಮನಸ್ಸಿನಲ್ಲಿ ನೆನೆದು ಹೇಳಿಬಿಟ್ಟೆ. "ನೀವೇ ಕೂತ್ಕಳ್ರಿ. ಹೆದರಿಕೆ ಆದ್ರೆ ಬೇಡ."

ಬೀದಿಯೆಲ್ಲ ಬಾಗಿಲಿಗೆ ಬಂದು ನಿಂತಿತ್ತು. ಯಜಮಾನರು ಹಗ್ಗ ಬಿಸಾಕಿ, ಬಿಳಿ ಅಂಗಿ ಕೊಡವಿಕೊಂಡು ಕುರ್ಚಿಯಲ್ಲಿ ಕೂತರು. "ಹೆದರಿಕೆ? ನನ್ನ ಆಯುಸ್ಸಲ್ಲಿ ಒಂದು ಗುಟುಕು ಸಿಕ್ಕಲ್ಲ ಅದಕ್ಕೆ. ನೋಡ್ತಾ ಇರು!" ಎಂದು ಹಲ್ಲು ಕಚ್ಚಿ, ಮೊಣಕಾಲು ಬಿಗಿಹಿಡಿದು, ಉಸಿರು ಕಟ್ಟಿದರು.

ಬೆಳಗಿನ ಎಳೆ ಬಿಸಿಲು. ತಿದಿ ಎಳೆದು ಮೀಸೆಯ ಕೂದಲು ಚೂಪು ಮಾಡಿದೆ. ನಡುವಿನ ಅಳತೆಯ ತಗಡು. ಮುಚ್ಚಳ ತೆಗೆದೆ. "ತಾಯಿ ಚೌಡೇಶ್ವರಿ" ನಾಲ್ಕು ಸಲ. ಮುಚ್ಚಿದೆ. ಅವರು ರೆಪ್ಪೆ ಕೂಡ ಬಡಿಯಲಿಲ್ಲ. ಅಲುಗದೆ ಕೂತವರು ಆ ಬೀದಿಯಲ್ಲಿ ಅವರೊಬ್ಬರೇ. ಪೆಟ್ಟಿಗೆಯನ್ನು ನಿಜವಾಗಿ ನಂಬಿದ್ದವರೂ ಅವರೊಬ್ಬರೇ.

ತೊಳೆದು ಒಣಗಿಸಿದ ಗಾಜನ್ನು ಕಾಗದಕ್ಕೆ ಹಾಕುವವರೆಗೆ ಕಾಯುವಷ್ಟು ತಾಳ್ಮೆ ಯಜಮಾನರಿಗಿರಲಿಲ್ಲ. ನನ್ನ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು.

ಕರಿ ಮುಖ ಬೆಳ್ಳಗಾಗಿತ್ತು. ಬಿಳಿ ಮೀಸೆ ಕಾಡಿಗೆಯಂತೆ ಕಪ್ಪಾಗಿತ್ತು. ಕೆಂಪು ರುಮಾಲು ಮಡಿ ಬಿಳುಪು. ಬಿಳಿ ಅಂಗಿ ಅಮಲ್ದಾರರ ಕರಿ ಕೋಟು.

"ಕುಡಿದಿಲ್ಲ ಕಣಯ್ಯಾ" ಎಂದರು ಮೆಲ್ಲಗೆ. "ನಲವತ್ತು ವರ್ಷ ವಾಪಸ್ ಕೊಟ್ಟೈತೆ."

ನಾನು ಸುಳ್ಳಾಡುವವನಲ್ಲ. "ಯಜಮಾನ್ರೇ, ಕಾಗದಕ್ಕೆ ಹಾಕಿದ್ರೆ..." ಎಂದು ಶುರು ಮಾಡಿದೆ.

"ಕಾಗದ ಗೀಗದ ಬೇಡ! ಇದು ಹಿಂಗೇ ಇರ್ಲಿ. ಪೆಟ್ಟಿಗೆ ನಿನ್ನದು, ಗಾಜು ನನ್ನದು."

ಗಾಜನ್ನು ಎದೆಗೊತ್ತಿಕೊಂಡು ಮನೆಗೆ ನಡೆದರು. ಹಿಂದೆ ನಾನು, ನನ್ನ ಹಿಂದೆ ಬೀದಿ. ಅವರ ಹೆಂಡತಿ ತಂಬಿಗೆ ಹಿಡಿದು ಹೊರಗೆ ಬಂದರು. ಯಜಮಾನರು ಗಾಜನ್ನು ಬೆಳಕಿಗೆ ಎತ್ತಿ ಅವರ ಮುಂದೆ ಹಿಡಿದರು.

ಐವತ್ತು ವರ್ಷ ಸಂಸಾರ ಮಾಡಿದ ಆ ತಾಯಿ ಒಂದು ಗಳಿಗೆ ನೋಡಿದರು. ತಟ್ಟನೆ ಸೆರಗು ತಲೆಗೆಳೆದುಕೊಂಡು ಬಾಗಿಲ ಹಿಂದೆ ಮರೆಯಾದರು. ಅಲ್ಲಿಂದ ಪಿಸುದನಿ ಬಂತು: "ಎವರಯ್ಯಾ ಈಯನ, ಯಾರಯ್ಯಾ ಇವ್ರು? ಯಾರೋ ದೊಡ್ಡ ಸಾಹೇಬ್ರು ಬಂದವ್ರೆ, ನಮ್ಮ ಮುದುಕನ್ನ ಬೇಗ ಕರೀರಿ!"

ಇದನ್ನು ಕೇಳಿದ ನಿಮ್ಮೆಲ್ಲರ ಮುಖದ ಮೇಲೆ ತಾಯಿ ಹದವಾದ ಬೆಳಕು ಬೀಳಿಸಲಿ. ನಿಮ್ಮ ಆಯುಸ್ಸು ಯಾವ ಪೆಟ್ಟಿಗೆಗೂ ನಿಲುಕದಷ್ಟು ಉದ್ದವಾಗಲಿ. ಐವತ್ತು ವರ್ಷದ ಮೇಲೂ ನಿಮ್ಮ ಮನೆಯವರು ನಿಮ್ಮ ಗುರುತು ಹಿಡಿಯಲಿ.